ಗೀರಿಲ್ಲದ ಕೇಪಿನ ಕೋವಿಯಲ್ಲಿ ಒಂಟಿ ಗುಂಡು ನೇರ ಹೋಗಬೇಕಾದರೆ ಈಡು ಹೇಗೆ ತುಂಬಬೇಕು?

ನೀವು ಬರೆದದ್ದು ಇಷ್ಟು: ತೀರ್ಥಹಳ್ಳಿ ಕಡೆಯ ಮನೆ, ಅಜ್ಜನ ಕಾಲದ ಒಂಟಿ ನಳಿಗೆ ಕೇಪಿನ ಕೋವಿ (ಬಾಯಿಯಿಂದ ಕೋವಿಮದ್ದು, ಗುಂಡು ತುಂಬಿ ಈಡು ಮಾಡಿ, ಹಿಂದೆ ಸಿಡಿಯುವ ಪುಟ್ಟ ಕೇಪು ಇಟ್ಟು ಹೊಡೆಯುವಂಥದ್ದು), ಲೈಸೆನ್ಸ್ ಈಗ ನಿಮ್ಮ ಹೆಸರಿಗಾಗಿದೆ. ಮನೆಯವರು ಹಾಕುತ್ತಿದ್ದದ್ದು ಚರೆ, ಅಂದರೆ ಸಣ್ಣ ಸೀಸದ ಕಾಳು, ಮಾತ್ರ. ನಿಮಗೆ ಗುರಿ ಅಭ್ಯಾಸಕ್ಕೆ ಒಂಟಿ ಗುಂಡು ಹೊಡೆಯುವ ಆಸೆ. ಆದರೆ 25 ಮೀಟರಿಗೇ ಗುಂಡು ಒಂದು ಸಲ ಎಡಕ್ಕೆ, ಇನ್ನೊಂದು ಸಲ ಮೇಲಕ್ಕೆ ಹೋಗುತ್ತದೆ. ರೈಫಲ್ಲಿನ ಹಾಗೆ ಒಳಗೆ ತಿರುಪು ಗೀರು ಇಲ್ಲದ ಮೇಲೆ ಇದರ ಹಣೆಬರಹ ಇಷ್ಟೇನಾ ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ನಮ್ಮ ಹೊಸನಗರದ ಕಡೆಯೂ ಎಲ್ಲರೂ ನಳಿಗೆಯನ್ನೇ ದೂರುತ್ತಾರೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ತಪ್ಪು ಇರುವುದು ಗುಂಡಿನ ಅಳತೆಯಲ್ಲಿ ಮತ್ತು ಅದನ್ನು ಕೂರಿಸುವ ರೀತಿಯಲ್ಲಿ. ನಳಿಗೆಗಿಂತ ತೀರಾ ಸಣ್ಣ ಗುಂಡು, ಅದರ ಮೇಲೆ ಕೆಳಗೆ ಒಂದಿಷ್ಟು ಕತ್ತ (ತೆಂಗಿನ ನಾರು) ತುರುಕಿ ಗಜದಿಂದ, ಅಂದರೆ ಈಡು ತಳ್ಳುವ ಕೋಲಿನಿಂದ, ಜಜ್ಜುವುದು. ಇಷ್ಟು ಮಾಡಿ ಗುರಿ ಸಿಗಲಿಲ್ಲ ಅಂದರೆ ಕೋವಿ ಏನು ಮಾಡೀತು?

ಸಡಿಲ ಗುಂಡು ಯಾಕೆ ಅಡ್ಡಾದಿಡ್ಡಿ ಹೋಗುತ್ತದೆ ಎನ್ನುವುದನ್ನು ಮೊದಲು ತಿಳಿದುಕೊಳ್ಳಿ, ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಗುಂಡಿಗೂ ನಳಿಗೆಗೂ ನಡುವೆ ಜಾಗ ಇದ್ದರೆ ಗುಂಡು ಒಳಗೆ ಒಂದು ಪಕ್ಕಕ್ಕೆ ಒರಗಿ ಉರುಳಿಕೊಂಡೇ ಹೊರಗೆ ಬರುತ್ತದೆ. ಕೊನೆಗೆ ಯಾವ ಗೋಡೆಗೆ ತಾಗಿತೋ ಅದರ ಮೇಲೆ ಅದರ ತಿರುಗುವಿಕೆ ನಿಂತಿದೆ. ಹಾಗೆ ತಿರುಗುತ್ತಾ ಹೋದ ಗುಂಡನ್ನು ಗಾಳಿ ಒಂದು ಕಡೆ ತಳ್ಳುತ್ತದೆ, ಸ್ಪಿನ್ ಬೌಲರ್ ಬಿಟ್ಟ ಚೆಂಡು ಗಾಳಿಯಲ್ಲೇ ವಾಲುವ ಹಾಗೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ. ನಳಿಗೆಯ ತುದಿಯನ್ನು ಸ್ವಲ್ಪ ಎಡಕ್ಕೆ ಬಗ್ಗಿಸಿ, ಮುಂದೆ ಸಾಲಾಗಿ ತೆಳುಕಾಗದದ ಪರದೆ ಕಟ್ಟಿ ಹೊಡೆದ. ಗುಂಡು ಮೊದಲು ಎಡಕ್ಕೇ ಹೊರಟಿತು, ಆಮೇಲೆ ದಾರಿಯಲ್ಲಿ ಬಲಕ್ಕೆ ತಿರುಗಿತು. ಬಲಗೋಡೆಗೆ ಉಜ್ಜಿಕೊಂಡು ಉರುಳಿದ್ದರ ಫಲ ಅದು. ರೈಫಲ್ಲಿನ ಗೀರು ಗುಂಡಿಗೆ ಪ್ರತಿ ಸಲವೂ ಒಂದೇ ರೀತಿಯ ತಿರುಗು ಕೊಡುತ್ತದೆ. ನಮ್ಮ ಕೋವಿಯಲ್ಲಿ ಅದು ಸಾಧ್ಯವಿಲ್ಲ. ಆದರೆ ಗುಂಡು ಗೋಡೆಗೆ ತಾಗದಂತೆ, ನಟ್ಟನಡುವೆ ಕೂತು ಹೊರಡುವಂತೆ ಮಾಡಬಹುದು. ಈಡು ತುಂಬುವ ಕೆಲಸವೆಲ್ಲ ಇರುವುದು ಅದಕ್ಕೇ.

ಗೀರಿಲ್ಲದ ಕೋವಿಗೆ ಕೆಟ್ಟ ಹೆಸರು ಬಂದದ್ದು ಸೈನ್ಯದಿಂದ. ಬ್ರಿಟಿಷರ ಬ್ರೌನ್ ಬೆಸ್ ಕೋವಿಯ ನಳಿಗೆ ಸುಮಾರು 19 ಮಿ.ಮೀ., ಅದಕ್ಕೆ ಹಾಕುತ್ತಿದ್ದ ಗುಂಡು 17.5 ಮಿ.ಮೀ. 1783ರಲ್ಲಿ ನಮ್ಮ ಬಿದನೂರಿಗೆ (ಈಗಿನ ನಗರ) ನುಗ್ಗಿದ ಕಂಪನಿ ಸೇನೆಯ ಕೈಯಲ್ಲಿದ್ದದ್ದೂ ಇದೇ ಜಾತಿಯ ಕೋವಿ. ಒಂದೂವರೆ ಮಿ.ಮೀ. ಜಾಗ ಬಿಟ್ಟಿದ್ದು ಬೇಕೆಂದೇ. ನಾಲ್ಕು ಈಡು ಹೊಡೆಯುವಷ್ಟರಲ್ಲಿ ನಳಿಗೆಗೆ ಮಸಿ ಕಟ್ಟುತ್ತದೆ, ಆಗಲೂ ಗುಂಡು ಸಲೀಸಾಗಿ ಇಳಿದು ನಿಮಿಷಕ್ಕೆ ಮೂರು ಸಲ ಹೊಡೆಯಬೇಕು. ಸಾಲಾಗಿ ನಿಂತ ದಂಡಿಗೆ ಅಷ್ಟು ಸಾಕು. ನಿಮಗೆ ಆ ಅವಸರ ಇಲ್ಲವಲ್ಲ.

ಗುಂಡು ತರುವ ಮೊದಲು ಆ ಕೋವಿ ಈಗಲೇ ಈಡಾಗಿದೆಯೋ ನೋಡಿ. ಗಜವನ್ನು ಒಳಗೆ ಬಿಟ್ಟು ಎಷ್ಟು ಇಳಿಯಿತು ಎಂದು ಬೆರಳಿಟ್ಟು ಗುರುತು ಮಾಡಿ, ಹೊರತೆಗೆದು ನಳಿಗೆಯ ಹೊರಗೆ ಹಿಡಿಯಿರಿ. ತುದಿ ಕೇಪು ಕೂರುವ ಜಾಗದ ಹತ್ತಿರ ಬರಬೇಕು. ಮೂರು ನಾಲ್ಕು ಬೆರಳು ಮುಂದೆಯೇ ನಿಂತರೆ ಒಳಗೆ ಯಾರದೋ ಹಳೆಯ ಈಡು ಇದೆ ಎಂದೇ ತಿಳಿಯಿರಿ, ಕೈ ಹಾಕದೆ ಕೋವಿ ರಿಪೇರಿ ಮಾಡುವವರಲ್ಲಿಗೆ ಒಯ್ಯಿರಿ. ಮದ್ದು ಹಳತಾಯಿತು, ಸತ್ತಿರುತ್ತದೆ ಎಂದು ನಂಬಬೇಡಿ. 2018ರಲ್ಲಿ ನಗರ ಕೋಟೆಯ ಹಾಳು ಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಾಗ ಆ ಕೆಸರು ಮಣ್ಣೂ ಮದ್ದಿನ ವಾಸನೆ ಹೊಡೆಯುತ್ತಿತ್ತು. ಅಟ್ಟದ ಮೇಲೆ ಬೆಚ್ಚಗೆ ಒಣಗಿಕೊಂಡಿದ್ದ ಕೋವಿಯ ಮಾತು ಬೇರೆ ಹೇಳಬೇಕೆ? ಹಂದಿ ಬಂದೀತು ಎಂದು ಈಡು ಮಾಡಿದ ಕೋವಿಯನ್ನು ಬಾಗಿಲ ಸಂದಿಯಲ್ಲಿ ನಿಲ್ಲಿಸುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಕಂಡರೆ ನನಗೆ ಎದೆ ನಡುಗುತ್ತದೆ. ದಯವಿಟ್ಟು ಆ ಅಭ್ಯಾಸವನ್ನು ನಿಮ್ಮ ಮನೆಯಲ್ಲಿ ಬಿಟ್ಟುಬಿಡಿ.

ರಿಪೇರಿಯವರಲ್ಲಿ ನಳಿಗೆಯ ದಪ್ಪ, ಒಳಗಿನ ತುಕ್ಕು, ಹಿಂಬದಿಯ ಬಿಗಿ ತೋರಿಸಿ, ಒಂಟಿ ಗುಂಡು ತಡೆಯುತ್ತದೆಯೇ ಎಂದು ಕೇಳಿ. ಎಷ್ಟು ಮದ್ದು ಎನ್ನುವುದನ್ನೂ ಕೋವಿ ಕೈಯಲ್ಲಿ ಹಿಡಿದು ನೋಡಿದವರೇ ಹೇಳಬೇಕು. ಕಾಣದ ಕೋವಿಗೆ ನಾನು ಲೆಕ್ಕ ಕೊಡುವುದಿಲ್ಲ, ಬೇರೆ ಯಾರಾದರೂ ಇಲ್ಲಿ ಕೊಟ್ಟರೂ ತೆಗೆದುಕೊಳ್ಳಬೇಡಿ. ಲೈಸೆನ್ಸ್ ಇರುವ ಅಂಗಡಿಯ ಕರಿ ಕೋವಿಮದ್ದು ಬಿಟ್ಟು ಬೇರೇನನ್ನೂ ಹಾಕಬಾರದು. ತೋಟಾ ಒಡೆದು ಅದರೊಳಗಿನ ಮದ್ದನ್ನು ಕೇಪಿನ ಕೋವಿಗೆ ಸುರಿಯುವವರಿದ್ದಾರೆ. ಅದು ಹೊಗೆಯಿಲ್ಲದ ಮದ್ದು, ಒತ್ತಡ ಎಷ್ಟೋ ಪಾಲು ಹೆಚ್ಚು, ನಳಿಗೆ ಒಡೆದು ಕೈಯೇ ಹೋಗುತ್ತದೆ.

ಈಗ ಗುಂಡಿನ ಅಳತೆ. 12 ಬೋರ್, 16 ಬೋರ್ ಎಂಬ ಲೆಕ್ಕ ಬಂದದ್ದೇ ಉರುಟು ಗುಂಡಿನಿಂದ. ಒಂದು ಪೌಂಡ್ ಸೀಸದಲ್ಲಿ ಒಂದೇ ಗಾತ್ರದ 12 ಗುಂಡು ಮಾಡಿದರೆ ಅದರಲ್ಲಿ ಒಂದು ಹಿಡಿಸುವ ನಳಿಗೆ 12 ಬೋರ್, 16 ಮಾಡಿದರೆ 16 ಬೋರ್. 12 ಬೋರ್ ಸುಮಾರು 18.5 ಮಿ.ಮೀ., 16 ಬೋರ್ ಸುಮಾರು 16.8. ಆದರೆ ನಮ್ಮಲ್ಲಿಯ ಹಳೆ ಕೋವಿಗಳು ಈ ಲೆಕ್ಕಕ್ಕೆ ಸರಿಯಾಗಿ ಕೂರುವುದು ಅಪರೂಪ. ವರ್ನಿಯರ್ ಕ್ಯಾಲಿಪರ್ ಹಿಡಿದು ನಳಿಗೆಯ ಬಾಯಿಯನ್ನು ಎರಡು ಮೂರು ದಿಕ್ಕಿನಲ್ಲಿ ಅಳೆಯಿರಿ. ಗಜ ಉಜ್ಜಿ ಬಾಯಿ ಅಗಲವಾಗಿರುವುದೂ ಉಂಟು. ಹಾಗಾಗಿ ಬಿಗಿಯಾಗಿ ಬಟ್ಟೆ ಸುತ್ತಿದ ಗಜವನ್ನು ಕೆಳಗಿನವರೆಗೆ ತಳ್ಳಿ, ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಕೈಯಲ್ಲೇ ತಿಳಿದುಕೊಳ್ಳಿ. ಗುಂಡು ನಳಿಗೆಗಿಂತ ಸುಮಾರು ಅರ್ಧ ಮಿ.ಮೀ. ಸಣ್ಣದಿರಲಿ. 16.8ರ ನಳಿಗೆಗೆ 16.25ರ ಗುಂಡು ಎಂದಿಟ್ಟುಕೊಳ್ಳಿ, ತೂಕ ಸುಮಾರು 25 ಗ್ರಾಂ. ಉಳಿದ ಜಾಗವನ್ನು ಗುಂಡಿಗೆ ಸುತ್ತುವ ಜಿಡ್ಡು ಹಚ್ಚಿದ ಬಟ್ಟೆಯ ತುಂಡು ತುಂಬುತ್ತದೆ. ಸೀಸ ಉಗುರಿನಲ್ಲಿ ಗೀರಿದರೆ ಗುರುತು ಬೀಳುವಷ್ಟು ಮೆದುವಾಗಿರಬೇಕು.

ಬಟ್ಟೆಯ ವಿಷಯದಲ್ಲಿ ಜಿಪುಣತನ ಬೇಡ. ಹಳೆ ಪಂಚೆ ತೀರಾ ತೆಳು. ಹಾಸಿಗೆ ಹೊಲಿಯುವ ಒತ್ತು ನೇಯ್ಗೆಯ ಹತ್ತಿ ಬಟ್ಟೆ ಸರಿಯಾದದ್ದು. ಪಾಲಿಯೆಸ್ಟರ್ ಬೆರೆತದ್ದು ಕರಗಿ ನಳಿಗೆಗೆ ಅಂಟುತ್ತದೆ. ಜಿಡ್ಡಿಗೆ ನಾನು ಕೊಬ್ಬರಿ ಎಣ್ಣೆ ಬಳಸುತ್ತೇನೆ. ಚಳಿಗಾಲದ ಬೆಳಿಗ್ಗೆ ಅದು ಹೆಪ್ಪುಗಟ್ಟಿರುತ್ತದೆ, ಬೆರಳಲ್ಲಿ ಉಜ್ಜಿ ಹಚ್ಚಿದರೆ ಇನ್ನೂ ಒಳ್ಳೆಯದು, ತೊಟ್ಟಿಕ್ಕಿ ಮದ್ದು ನೆನೆಯುವುದಿಲ್ಲ. ಇಂಜಿನ್ ಆಯಿಲ್ ಹಚ್ಚಿದರೆ ಕರಿ ಮದ್ದಿನ ಜೊತೆ ಸೇರಿ ಡಾಂಬರಿನಂತಾಗುತ್ತದೆ.

ಈಡು ಮಾಡುವಾಗ ಮೊದಲು ಖಾಲಿ ಕೋವಿಗೆ ಒಂದು ಕೇಪು ಹಾಕಿ, ನಳಿಗೆಯ ಬಾಯಿಯನ್ನು ನೆಲದ ಒಣ ಎಲೆಗೆ ಹಿಡಿದು ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿಡಿ. ಎಲೆ ಅಲುಗಿದರೆ ಬೆಂಕಿಯ ದಾರಿ ತೆರೆದಿದೆ. ಆಮೇಲೆ ಮದ್ದನ್ನು ಅಳತೆಯ ಕೊಳವೆಯಿಂದ ಸುರಿಯಿರಿ, ಡಬ್ಬಿಯಿಂದ ನೇರ ಬೇಡವೇ ಬೇಡ. ಒಳಗೆ ಒಂದು ಕಿಡಿ ಉಳಿದಿದ್ದರೂ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ. ಮುಖವನ್ನು ನಳಿಗೆಯ ಬಾಯಿಯ ಮೇಲೆ ತರಬೇಡಿ. ಬಾಯಿಯ ಮೇಲೆ ಬಟ್ಟೆ ಹಾಸಿ ಗುಂಡು ಇಡಿ. ಅಚ್ಚಿನ ಬಾಲ (ಸೀಸ ಎರೆದ ಕಡೆ ಗುಂಡಿನ ಮೇಲೆ ಉಳಿಯುವ ಮೊಟಕು) ಉಳಿದಿದ್ದರೆ ಅದು ಸರಿಯಾಗಿ ಮೇಲ್ಮುಖವಾಗಿರಲಿ. ಹೆಬ್ಬೆರಳಲ್ಲಿ ಒತ್ತಿ, ಗಜವನ್ನು ಗುಂಡಿನ ಹತ್ತಿರವೇ ಗಿಡ್ಡಕ್ಕೆ ಹಿಡಿದು ಸ್ವಲ್ಪ ಸ್ವಲ್ಪವೇ ತಳ್ಳಿ. ಉದ್ದಕ್ಕೆ ಹಿಡಿದರೆ ಮರದ ಗಜ ಮುರಿದು ಅಂಗೈಗೆ ಚುಚ್ಚುತ್ತದೆ.

ಗುಂಡು ಮದ್ದಿನ ಮೇಲೆಯೇ ಕೂರಬೇಕು, ಇದೊಂದನ್ನು ಮರೆಯಬೇಡಿ. ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಅಲ್ಲಿ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಸರಿಯಾಗಿ ಕೂತಾಗ ನಳಿಗೆಯ ಬಾಯಿಗೆ ಗಜ ಎಲ್ಲಿ ಸಮ ಬರುತ್ತದೋ ಅಲ್ಲಿ ಚಾಕುವಿನಿಂದ ಗೆರೆ ಕೊರೆಯಿರಿ. ಆ ಗೆರೆ ಮೇಲೆ ನಿಂತರೆ ಗುಂಡು ಇಳಿದಿಲ್ಲ, ಅಥವಾ ಎರಡು ಈಡು ಬಿದ್ದಿದೆ. ಎರಡರಲ್ಲಿ ಯಾವುದಾದರೂ ಹೊಡೆಯುವಂತಿಲ್ಲ. ಗಜ ಮೇಲಕ್ಕೆ ಹಾರುವವರೆಗೆ ಜಜ್ಜಬೇಕು ಎನ್ನುವುದು ಹಳಬರ ಮಾತು. ಗುಂಡಿಗೆ ಅದು ಸಲ್ಲ. ಮೆದು ಸೀಸದ ತಲೆ ಚಪ್ಪಟೆಯಾಗುತ್ತದೆ, ಚಪ್ಪಟೆ ಗುಂಡು ನೇರ ಹೋಗುವುದಿಲ್ಲ. ಪ್ರತಿ ಸಲ ಒಂದೇ ಒತ್ತು, ಗೆರೆ ಬಂತು, ನಿಲ್ಲಿಸಿ. ಗುರಿಗೆ ಮುಖ ಮಾಡಿ ನಿಂತ ಮೇಲೆಯೇ ಕೇಪು.

ಹೊಡೆದ ಮೇಲೆ ಮುಂದೆ ಹೋಗಿ ಬಟ್ಟೆಯ ತುಂಡು ಹುಡುಕಿ. ನಾಲ್ಕಾರು ಮೀಟರ್ ದೂರದಲ್ಲೇ ಬಿದ್ದಿರುತ್ತದೆ. ನಡುವೆ ಕಪ್ಪು ವೃತ್ತ, ಅಂಚು ಎಳೆ ಬಿಟ್ಟಿದ್ದರೂ ಬಟ್ಟೆ ಇಡಿಯಾಗಿದ್ದರೆ ಅಳತೆ ಸರಿ. ತೂತು ಸುಟ್ಟಿದ್ದರೆ ಬಟ್ಟೆ ತೆಳು ಅಥವಾ ಜಿಡ್ಡು ಸಾಲದು. ಕತ್ತರಿಸಿದಂತೆ ಸೀಳಿದ್ದರೆ ನಳಿಗೆಯ ಬಾಯಿಯ ಅಂಚು ಚೂಪಾಗಿದೆ. ಅಷ್ಟು ಹೊತ್ತು ನನಗೆ ಗುರಿಕಾಗದಕ್ಕಿಂತ ಈ ಬಟ್ಟೆಯೇ ಮುಖ್ಯ. ಹುಡುಕಲು ಇನ್ನೊಂದು ಕಾರಣವೂ ಇದೆ: ಅದು ಕೆಂಡ ಹಿಡಿದಿರಬಹುದು. ಮಾರ್ಚ್ ತಿಂಗಳ ಒಣ ದರಗಿನಲ್ಲಿ ಬಿದ್ದರೆ ಸೊಪ್ಪಿನ ಬೆಟ್ಟಕ್ಕೇ ಬೆಂಕಿ. ಕತ್ತ ಇನ್ನೂ ಅಪಾಯ, ನಿಧಾನ ಉರಿಯುತ್ತಲೇ ಇರುತ್ತದೆ.

ಕೇಪು ಹೊಡೆದೂ ಈಡು ಹಾರದಿದ್ದರೆ ಕನಿಷ್ಠ ಒಂದು ನಿಮಿಷ ನಳಿಗೆಯನ್ನು ಗುರಿಯ ಕಡೆಯೇ ಹಿಡಿದು ನಿಲ್ಲಿ.

ಗುರಿ ಹಿಡಿಯಲು ನಿಮಗಿರುವುದು ಮುಂದಿನ ಮಣಿ ಮಾತ್ರ, ಹಿಂದಿನ ಗುರಿ ನಿಮ್ಮ ಕಣ್ಣೇ. ತಲೆ ಎತ್ತಿದರೆ ಗುಂಡು ಮೇಲೆ, ಎಡಕ್ಕೆ ವಾಲಿದರೆ ಎಡಕ್ಕೆ. ನಿಮ್ಮ "ಒಮ್ಮೆ ಮೇಲೆ, ಒಮ್ಮೆ ಎಡಕ್ಕೆ" ಎನ್ನುವುದರಲ್ಲಿ ಅರ್ಧ ಕಾರಣ ಇಲ್ಲಿಯೂ ಇರಬಹುದು. ಕೆನ್ನೆ ಪ್ರತಿ ಸಲವೂ ಹಿಡಿಯ ಅದೇ ಜಾಗಕ್ಕೆ ಒತ್ತಬೇಕು. ಮರಳು ಚೀಲದ ಮೇಲೆ ಇಟ್ಟು, 25 ಮೀಟರಿಗೆ ದೊಡ್ಡ ಕಾಗದ ಕಟ್ಟಿ ಐದು ಗುಂಡು ಹೊಡೆಯಿರಿ. ನಡುವಿಗೆ ಬಿತ್ತೋ ಇಲ್ಲವೋ ಎಂದು ನೋಡಬೇಡಿ, ಐದೂ ಒತ್ತಾಗಿ ಬಿದ್ದವೇ ನೋಡಿ. ಬಟ್ಟೆ, ಮದ್ದು, ಗುಂಡು ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ. 50 ಮೀಟರಿಗೆ ಒಂದು ಗೇಣಿನೊಳಗೆ ಬಿದ್ದರೆ ಗೀರಿಲ್ಲದ ಕೋವಿಗೆ ಅದು ತುಂಬಾ ಒಳ್ಳೆಯ ಫಲ. 75 ದಾಟಿದ ಮೇಲೆ ಹೆಚ್ಚಿಗೆ ಆಸೆ ಪಡಬೇಡಿ.

ಜಾಗದ ಮಾತು. ಲೈಸೆನ್ಸ್ ಬೆಳೆ ರಕ್ಷಣೆಗೆ ಕೊಟ್ಟದ್ದಾದರೆ ಗುರಿ ಅಭ್ಯಾಸ ಎಲ್ಲಿ ಮಾಡಬಹುದು ಎಂದು ಠಾಣೆಯಲ್ಲಿ ಕೇಳಿಯೇ ಮುಂದುವರಿಯಿರಿ. ಅನುಮತಿ ಇರುವ ರೈಫಲ್ ಕ್ಲಬ್ಬಿನ ರೇಂಜೇ ಎಲ್ಲಕ್ಕಿಂತ ಒಳ್ಳೆಯದು. ಕಾಡುಪ್ರಾಣಿಗೆ ಹಿಡಿಯುವ ಮಾತೇ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಎಲ್ಲೇ ಹೊಡೆದರೂ ಗುರಿಯ ಹಿಂದೆ ಎತ್ತರದ ಮಣ್ಣಿನ ದರೆ ಇರಬೇಕು. ಗದ್ದೆಯ ನೀರು, ಜಂಬಿಟ್ಟಿಗೆ ಗೋಡೆ ಎರಡಕ್ಕೂ ಉರುಟು ಗುಂಡು ತಾಗಿ ಚಿಮ್ಮುತ್ತದೆ. ತೋಟದ ಕಡೆಗಂತೂ ನಳಿಗೆ ತಿರುಗಿಸಲೇಬೇಡಿ, ಅಡಿಕೆ ಮರದ ತುದಿಯಲ್ಲಿ ಕೊನೆಗಾರ (ಅಡಿಕೆ ಗೊನೆ ಕೊಯ್ಯುವವನು) ಇರುವುದು ಕೆಳಗಿನಿಂದ ಕಾಣುವುದಿಲ್ಲ.

ಎರಡು ಈಡಿಗೊಮ್ಮೆ ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ನಳಿಗೆ ಒರೆಸಿ. ಬೇಸಗೆಯಲ್ಲಿ ಮಸಿ ಗಟ್ಟಿಯಾಗಿ ಗುಂಡೇ ಇಳಿಯುವುದಿಲ್ಲ. ಮಳೆಗಾಲದಲ್ಲಿ ಅದೇ ಮಸಿ ನೀರು ಹೀರಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಸುತ್ತದೆ. ಅದಕ್ಕೆ ಹೊಡೆದ ದಿನವೇ ಕುದಿನೀರು ಹೊಯ್ದು ತೊಳೆಯಿರಿ. ನಳಿಗೆ ಬಿಸಿಯಾಗಿ ತಾನೇ ಒಣಗುತ್ತದೆ. ಆಮೇಲೆ ಗನ್ ಆಯಿಲ್ ಹಚ್ಚಿ. ಕೊಬ್ಬರಿ ಎಣ್ಣೆ ಹಚ್ಚಿ ತಿಂಗಳುಗಟ್ಟಲೆ ಇಟ್ಟರೆ ಅಂಟಾಗುತ್ತದೆ. ಮುಂದಿನ ಸಲ ಈಡು ಮಾಡುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ನಳಿಗೆಯ ಅಳತೆ ಸಿಕ್ಕಿದ ಮೇಲೆ ಕೆಳಗೆ ಬರೆಯಿರಿ, ಬಟ್ಟೆಯ ದಪ್ಪ ಎಷ್ಟು ಬೇಕೆಂದು ಲೆಕ್ಕ ಹಾಕೋಣ.