ಹಳೆಯ ಸಣ್ಣ ಕೇಸು ಇದ್ದರೆ ಸೆಕ್ಯೂರಿಟಿ ಕೆಲಸ ಸಿಗುತ್ತಾ?

ಮಂಡ್ಯದಲ್ಲಿ ಜಾತ್ರೆಯ ಹೊಡೆದಾಟದ ಕೇಸಿನಲ್ಲಿ ಹೆಸರಿದೆ, ಮೈಸೂರಿನಲ್ಲಿ ಗಾರ್ಡ್ ಲೈಸೆನ್ಸ್ ಸಿಗುತ್ತಾ ಅಂತ ಕೇಳಿದ್ದೀರಿ.

ನಮ್ಮಲ್ಲಿ ಲೈಸೆನ್ಸ್ ಬೇಕಿರುವುದು ಏಜೆನ್ಸಿಗೆ, ಗಾರ್ಡಿಗಲ್ಲ. ಆದರೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಕೋರ್ಟು ತಪ್ಪಿತಸ್ಥ ಎಂದು ತೀರ್ಪು ಕೊಟ್ಟವರನ್ನು ಗಾರ್ಡ್ ಆಗಿ ಇಟ್ಟುಕೊಳ್ಳುವಂತಿಲ್ಲ. ಅಪರಾಧ ಚಿಕ್ಕದೋ ದೊಡ್ಡದೋ ಅಂತ ಅಲ್ಲಿ ಬೇರೆ ಮಾಡಿಲ್ಲ. ಸ್ವಂತ ಏಜೆನ್ಸಿ ಶುರು ಮಾಡುವವರಿಗೆ ಮಾತ್ರ 2 ವರ್ಷ ಅಥವಾ ಜಾಸ್ತಿ ಜೈಲು ಶಿಕ್ಷೆ ಇರುವ ಅಪರಾಧ ಅನ್ನುವ ಮಿತಿ ಇದೆ. ಕೂಲಿ ಮಾಡುವವನಿಗೇ ನಿಯಮ ಬಿಗಿ, ಇದು ನನಗೆ ಸರಿ ಕಾಣುವುದಿಲ್ಲ.

ಎಫ್‌ಐಆರ್ ಬೇರೆ, ತೀರ್ಪು ಬೇರೆ. ಕೇಸು ಇನ್ನೂ ನಡೆಯುತ್ತಿದ್ದರೆ ಅಥವಾ ಖುಲಾಸೆಯಾಗಿದ್ದರೆ ಈ ನಿಷೇಧ ಇಲ್ಲ. ಆದರೆ ಪೊಲೀಸ್ ವೆರಿಫಿಕೇಶನ್‌ನಲ್ಲಿ ಕೇಸು ಕಾಣಿಸಬಹುದು. ಮುಚ್ಚಿಡಬೇಡಿ, ತೀರ್ಪಿನ ಪ್ರತಿ ಇದ್ದರೆ ಮೊದಲೇ ತೋರಿಸಿ.

ದಯವಿಟ್ಟು ಇದೊಂದನ್ನು ನೆನಪಿಡಿ: ಓಡಾಟ ಸಾಕಾಯ್ತು ಅಂತ ಸುಮ್ನೆ ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರೆ ಅದೂ ತಪ್ಪಿತಸ್ಥ ಎಂಬ ತೀರ್ಪೇ. ತಪ್ಪು ಸಾಬೀತಾದರೂ, 1958ರ ಪ್ರೊಬೇಶನ್ ಕಾಯ್ದೆಯಡಿ (ಜೈಲಿಗೆ ಕಳಿಸದೆ ಎಚ್ಚರಿಕೆ ಕೊಟ್ಟು ಅಥವಾ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುವ ಕಾನೂನು) ಬಿಡುಗಡೆಯಾದವರಿಗೆ ಅದರಿಂದ ಅನರ್ಹತೆ ಅಂಟುವುದಿಲ್ಲ ಎಂದು ಅದರ 12ನೇ ಸೆಕ್ಷನ್ ಹೇಳುತ್ತದೆ. ವಕೀಲರ ಹತ್ತಿರ ಇದನ್ನು ಕೇಳಿ. ದುಡ್ಡಿಲ್ಲದಿದ್ದರೆ ಮಂಡ್ಯ ಕೋರ್ಟಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.