ಲ್ಯಾಬ್ ಪ್ರೋಗ್ರಾಂ ಉರು ಹೊಡೆಯುವ ಬಿಸಿಎ ಮಕ್ಕಳಿಗೆ ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಸುವುದು ಹೇಗೆ?

ತೀರ್ಥಹಳ್ಳಿ ಕಡೆಯ ಕಾಲೇಜಿನಲ್ಲಿ ಮೊದಲ ಸೆಮಿಸ್ಟರ್‌ಗೆ ಪಾಠ ಮಾಡುವ ನೀವು, ಮಕ್ಕಳು ಲ್ಯಾಬ್ ರೆಕಾರ್ಡ್ ಪುಸ್ತಕದ ಪ್ರೋಗ್ರಾಂಗಳನ್ನೆಲ್ಲ ಬಾಯಿಪಾಠ ಮಾಡಿ ಪಾಸಾಗುತ್ತಾರೆ, ಒಂದು ಸಾಲು ಬದಲಿಸಿ ಎಂದರೆ ಕೈಚೆಲ್ಲುತ್ತಾರೆ ಎಂದಿದ್ದೀರಿ. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಕೋಡ್ ಓದಲು ಕಲಿಸದೆ ನಾವು ನೇರವಾಗಿ ಬರೆಯಲು ಕೂರಿಸುತ್ತೇವೆ.

ಮೊದಲ ಮೂರು ವಾರ ಹೊಸ ಪ್ರೋಗ್ರಾಂ ಬರೆಸಲೇಬೇಡಿ. ಎಂಟು ಹತ್ತು ಸಾಲಿನ ಕೋಡ್ ಕೊಟ್ಟು, ರನ್ ಮಾಡುವ ಮುಂಚೆ ಔಟ್‌ಪುಟ್ ಏನೆಂದು ಕಾಗದದಲ್ಲಿ ಬರೆಸಿ. ಆಗುಂಬೆಯ ಐದು ದಿನದ ಮಳೆ ಎಂದುಕೊಂಡು 42, 0, 115, 88, 63 ಮಿಲಿಮೀಟರನ್ನು ಅರೇಗೆ, ಅಂದರೆ ಸಾಲಾಗಿರುವ ಐದು ಮನೆಗಳಿಗೆ, ತುಂಬಿಸಿ, ಸರಾಸರಿ ಕೇಳಿ. ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವ ಲೂಪಿನ ಪ್ರತಿ ಸುತ್ತಿನಲ್ಲಿ, ಸುತ್ತು ಎಣಿಸುವ ಐ ಎಷ್ಟು, ಮೊತ್ತ ಎಷ್ಟು ಎಂದು ಕೋಷ್ಟಕ ಮಾಡಿಸಿ. ಮೊತ್ತ 308, ಆದ್ದರಿಂದ 61.6 ಎಂದು ಬರೆದಿರುತ್ತಾರೆ. ಕಂಪ್ಯೂಟರ್ 61 ಎನ್ನುತ್ತದೆ. ಮೊತ್ತ, ದಿನಗಳ ಸಂಖ್ಯೆ ಎರಡೂ ಇಂಟ್ (ಪೂರ್ಣಾಂಕ) ಆದಾಗ ಭಾಗಾಕಾರ ದಶಮಾಂಶವನ್ನು ಕತ್ತರಿಸುತ್ತದೆ, ಉತ್ತರವನ್ನು ದಶಮಾಂಶ ಹಿಡಿಯುವ ಫ್ಲೋಟ್‌ನಲ್ಲಿಟ್ಟರೂ ಅದು ಮರಳಿ ಬರುವುದಿಲ್ಲ. ಈ ಮಾತು ಹೇಳಬೇಕಾದದ್ದು ಅವರ ಊಹೆ ತಪ್ಪಿದ ಆ ಗಳಿಗೆಯಲ್ಲೇ. ಆಮೇಲೆ ಲೂಪಿನ < ತೆಗೆದು <= ಹಾಕಿಸಿ. ಇಲ್ಲದ ಆರನೇ ಮನೆಯನ್ನೂ ಓದಲು ಹೋಗುತ್ತದೆ, ಸಿ ತಡೆಯುವುದಿಲ್ಲ. ಒಂದು ಸಿಸ್ಟಂನಲ್ಲಿ ಸರಿ ಕಂಡದ್ದು ಪಕ್ಕದ್ದರಲ್ಲಿ ಅಸಂಬದ್ಧ ಸಂಖ್ಯೆ ಕೊಡಬಹುದು, ಹಾಗಾಗಿ ಎರಡು ಮೂರು ಕಡೆ ಓಡಿಸಿ ನೋಡಿ.

ಮಳೆಗಾಲದಲ್ಲಿ ಕರೆಂಟ್ ಹೋದ ದಿನ ಪಾರ್ಸನ್ಸ್ ಪಜಲ್ ಮಾಡಿಸಿ. 2006ರಲ್ಲಿ ಡೇಲ್ ಪಾರ್ಸನ್ಸ್, ಪೆಟ್ರೀಷಿಯಾ ಹೇಡನ್ ಪರಿಚಯಿಸಿದ ವಿಧಾನ ಇದು. ಹನ್ನೆರಡು ಸಾಲಿನ ಪ್ರೋಗ್ರಾಂ ಪ್ರಿಂಟ್ ತೆಗೆದು, ಸಾಲುಗಳನ್ನು ಕತ್ತರಿಸಿ, ಕಲಸಿ, ಸರಿಯಾದ ಕ್ರಮದಲ್ಲಿ ಜೋಡಿಸಲು ಇಬ್ಬಿಬ್ಬರಿಗೆ ಕೊಡಿ. ಬೇಡದ ಎರಡು ತಪ್ಪು ಸಾಲುಗಳನ್ನೂ ಸೇರಿಸಿ. ನಾಲ್ಕೈದು ಸೇರಿಸಿದರೆ ಹೊಸಬರು ಸೋತು ಕೂರುತ್ತಾರೆ. ಮೊತ್ತವನ್ನು ಸೊನ್ನೆ ಮಾಡುವ ಸಾಲನ್ನು ಲೂಪಿನ ಒಳಗೆ ಇಟ್ಟವರನ್ನು ತಿದ್ದಬೇಡಿ, ಕೋಷ್ಟಕ ತುಂಬಿಸಿ. ಕೊನೆಗೆ ಮೊತ್ತ 63 ಮಾತ್ರ ಉಳಿದದ್ದು ಅವರಿಗೇ ಕಾಣುತ್ತದೆ.

ಎರರ್ ಓದಿಸಲು ಒಂದು ತರಗತಿಯನ್ನೇ ಮೀಸಲಿಡಿ. ಸಾಲಿನ ಕೊನೆಯ ಸೆಮಿಕೋಲನ್ (;) ಬಿಟ್ಟರೆ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಷ್ಟೋ ಸಲ ಮುಂದಿನ ಸಾಲಿನ ನಂಬರ್ ತೋರಿಸುತ್ತದೆ, ಮಕ್ಕಳು ಅಲ್ಲೇ ಹುಡುಕುತ್ತಾ ಅರ್ಧ ಗಂಟೆ ಕಳೆಯುತ್ತಾರೆ.

ಅಂಕ ಹಂಚಿಕೆ ಹಳೆಯದೇ ಇದ್ದರೆ ಉರು ಹೊಡೆಯುವುದು ನಿಲ್ಲದು. ವಿಶ್ವವಿದ್ಯಾಲಯದ ಪರೀಕ್ಷೆ ನಿಮ್ಮ ಕೈಯಲ್ಲಿಲ್ಲ, ಆಂತರಿಕ ಟೆಸ್ಟ್ ಇದೆಯಲ್ಲ: ಹತ್ತರಲ್ಲಿ ನಾಲ್ಕು ಕೋಷ್ಟಕಕ್ಕೆ, ನಾಲ್ಕು ಕೊಟ್ಟ ಪ್ರೋಗ್ರಾಂ ಬದಲಿಸುವುದಕ್ಕೆ, ಎರಡು ವಿವರಣೆಗೆ. ಆ ವಿವರಣೆ ಕನ್ನಡದಲ್ಲಿದ್ದರೂ ಪೂರ್ತಿ ಅಂಕ ಕೊಡಿ.