ಗೊಬ್ಬರದ ಕಾರ್ಖಾನೆಯವರು ಕಟ್ಟಿದ ಫುಟ್‌ಬಾಲ್ ಕ್ಲಬ್

ಪ್ರಶ್ನೆ: ಇಂಗ್ಲೆಂಡಿನ ಕೆಲವು ದೊಡ್ಡ ಫುಟ್‌ಬಾಲ್ ಕ್ಲಬ್‌ಗಳನ್ನು ಶುರು ಮಾಡಿದವರು ಕಾರ್ಖಾನೆ ಕೆಲಸಗಾರರಂತೆ. ದೊಡ್ಡದಾಗದೆ, ಸಣ್ಣದಾಗಿಯೇ ಉಳಿದ ಅಂಥ ಕ್ಲಬ್ ಯಾವುದಾದರೂ ಇದೆಯಾ?

ಉತ್ತರ: ಬೇಕಾದಷ್ಟಿವೆ. ಆರ್ಸೆನಲ್ 1886ರಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಯವರು ಕಟ್ಟಿದ್ದು, ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ರೈಲ್ವೆ ಕೆಲಸಗಾರರು ಕಟ್ಟಿದ್ದು. ಅವರ ಕಥೆ ಎಲ್ಲರೂ ಹೇಳ್ತಾರೆ, ಬಿಡಿ. ನನಗೆ ಇಷ್ಟವಾಗೋದು ಬಿಲ್ಲಿಂಗ್‌ಹ್ಯಾಮ್ ಸಿಂಥೋನಿಯಾ.

ಬಿಲ್ಲಿಂಗ್‌ಹ್ಯಾಮ್ ಇರೋದು ಈಶಾನ್ಯ ಇಂಗ್ಲೆಂಡಿನಲ್ಲಿ, ಟೀಸ್ ನದಿಯ ಹತ್ತಿರ. ಮೊದಲ ಮಹಾಯುದ್ಧದ ಕೊನೆಯಲ್ಲಿ ಸಿಡಿಮದ್ದಿನ ಕಚ್ಚಾವಸ್ತು ತಯಾರಿಸೋಕೆ ಸರ್ಕಾರ ಅಲ್ಲಿ ಜಾಗ ಹಿಡಿದಿತ್ತು. ಅಷ್ಟರಲ್ಲಿ ಯುದ್ಧವೇ ಮುಗಿಯಿತು. ಬ್ರನರ್ ಮಾಂಡ್ ಎಂಬ ಕಂಪನಿ ಆ ಜಾಗ ಕೊಂಡು, ಗಾಳಿಯಲ್ಲಿರುವ ಸಾರಜನಕವನ್ನು ಭಾರಿ ಒತ್ತಡದಲ್ಲಿ ಜಲಜನಕದ ಜೊತೆ ಸೇರಿಸಿ ಅಮೋನಿಯಾ ಮಾಡೋದು, ಅದರಿಂದ ಗೊಬ್ಬರ ಮಾಡೋದು ಅಂತ ಹೊರಟಿತು. ಸಿಂಥೆಟಿಕ್ ಅಮೋನಿಯಾ, ಚಿಕ್ಕದಾಗಿ ಸಿಂಥೋನಿಯಾ. ತಮಾಷೆ ಅಂದರೆ ಕ್ಲಬ್ ಹುಟ್ಟಿದ್ದು 1923ರಲ್ಲಿ, ಅಲ್ಲಿ ಮೊದಲ ಅಮೋನಿಯಾ ಬಂದದ್ದು 1924ರ ಕೊನೆಗೆ. ಸರಕಿಗಿಂತ ಮೊದಲೇ ತಂಡ ರೆಡಿ!

1926ರಲ್ಲಿ ನಾಲ್ಕು ಕಂಪನಿಗಳು ಕೂಡಿ ಐಸಿಐ (ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್) ಎಂಬ ರಾಸಾಯನಿಕ ಕಂಪನಿ ಆಯಿತು, ಬಿಲ್ಲಿಂಗ್‌ಹ್ಯಾಮ್ ಕಾರ್ಖಾನೆ ಅದರ ಪಾಲಿಗೆ ಬಂತು. ಕ್ಲಬ್ 1945ರಲ್ಲಿ ನಾರ್ದರ್ನ್ ಲೀಗ್ ಸೇರಿತು. ಇದು 1889ರಿಂದ ನಡೆದುಕೊಂಡು ಬಂದಿರುವ ಹಳೇ ಲೀಗ್, ಆಗೆಲ್ಲ ಪೂರ್ತಿ ಹವ್ಯಾಸಿಗಳದ್ದು. 1957ರಲ್ಲಿ ಸಿಂಥೋನಿಯಾ ಅದನ್ನು ಗೆದ್ದಿತು. ಮರುವರ್ಷ ಸೆಂಟ್ರಲ್ ಅವೆನ್ಯೂ ಎಂಬ ಹೊಸ ಮೈದಾನಕ್ಕೆ ಹೋಯಿತು. ಆಮೇಲೆ ಮತ್ತೆ ಗೆಲ್ಲೋಕೆ 1989ರ ತನಕ ಕಾಯಬೇಕಾಯಿತು. 1990ರಲ್ಲೂ ಗೆದ್ದರು, 1996ರಲ್ಲೂ ಗೆದ್ದರು.

ಪ್ರಶ್ನೆ: ಇಂಥ ಕ್ಲಬ್‌ನಿಂದ ಹೆಸರು ಮಾಡಿದವರು ಯಾರಾದರೂ ಇದ್ದಾರಾ?

ಉತ್ತರ: ಬ್ರಯಾನ್ ಕ್ಲಫ್ ಒಬ್ಬರು ಸಾಲದಾ? ಶಾಲೆ ಬಿಟ್ಟ ಹುಡುಗ, ಐಸಿಐನಲ್ಲಿ ಗುಮಾಸ್ತಿಕೆ, ಸಿಂಥೋನಿಯಾ ಪರ ಆಟ. ಮುಂದೆ ಮಿಡಲ್ಸ್‌ಬರೊ ಪರ 222 ಪಂದ್ಯಗಳಲ್ಲಿ 204 ಗೋಲು ಹೊಡೆದರು. ಕೋಚ್ ಆದ ಮೇಲೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟರು.

ಪ್ರಶ್ನೆ: ಕೆಲಸಗಾರರು ಚೆಂಡಾಡಿದರೆ ಮಾಲೀಕರಿಗೇನು ಲಾಭ? ಸುಮ್ನೆ ದುಡ್ಡು ಹಾಕ್ತಾರಾ?

ಉತ್ತರ: ಸುಮ್ನೆ ಯಾರು ಹಾಕ್ತಾರೆ! ಮೊದಲು ಬಿಡುವಿನ ವಿಚಾರ ನೋಡಿ. 1850ರ ಕಾನೂನು ಜವಳಿ ಗಿರಣಿಗಳಲ್ಲಿ ಹೆಂಗಸರು ಮತ್ತು ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಿಸಿತು. ನಿಧಾನವಾಗಿ ಅರ್ಧ ದಿನದ ರಜೆ ಬೇರೆ ಕಡೆಗೂ ಹಬ್ಬಿತು. ಶನಿವಾರ 3 ಗಂಟೆಗೆ ಮ್ಯಾಚ್ ಶುರುವಾಗುವ ರೂಢಿ ಬಂದದ್ದು ಹಾಗೆ. ಆ ಬಿಡುವಿನಲ್ಲಿ ಜನ ಹೆಂಡದಂಗಡಿಗೆ ಹೋಗದೆ ಮೈದಾನಕ್ಕೆ ಹೋಗಲಿ ಅನ್ನೋದು ಹಲವು ಮಾಲೀಕರ ಆಸೆ. ಲಂಡನ್ನಿನ ಥೇಮ್ಸ್ ಐರನ್‌ವರ್ಕ್ಸ್ ಹಡಗು ಕಾರ್ಖಾನೆಯ ಆರ್ನಾಲ್ಡ್ ಹಿಲ್ಸ್ ಅಂಥವರೇ. ಕುಡಿಯುತ್ತಿರಲಿಲ್ಲ, ಮಾಂಸ ಮುಟ್ಟುತ್ತಿರಲಿಲ್ಲ. ಅವರ ಕಾರ್ಖಾನೆಯಲ್ಲಿ ಮುಷ್ಕರಗಳಾಗಿ ಸಂಬಂಧ ಹದಗೆಟ್ಟಿತ್ತು. 1895ರಲ್ಲಿ ಫುಟ್‌ಬಾಲ್ ಕ್ಲಬ್ ಬಂತು. ಪ್ರೀತಿ ಎಷ್ಟು, ಲೆಕ್ಕಾಚಾರ ಎಷ್ಟು? ಎರಡೂ ಇತ್ತು ಅನ್ನೋದು ನನ್ನ ಅಭಿಪ್ರಾಯ. ಅದೇ ತಂಡ 1900ರಲ್ಲಿ ವೆಸ್ಟ್ ಹ್ಯಾಮ್ ಯುನೈಟೆಡ್ ಆಯಿತು. ಕಾರ್ಖಾನೆ 1912ರಲ್ಲಿ ಮುಚ್ಚಿತು.

ಪ್ರಶ್ನೆ: ಕಾರ್ಖಾನೆ ಹೋದ ಮೇಲೂ ಸಣ್ಣ ಕ್ಲಬ್ ಉಳಿಯೋದು ಹೇಗೆ?

ಉತ್ತರ: ಕಷ್ಟ. ಕಾರ್ಖಾನೆ ಕೊಟ್ಟಿದ್ದು ಜೆರ್ಸಿ, ಚೆಂಡು ಮಾತ್ರ ಅಂದುಕೊಳ್ಳಬೇಡಿ. ದೊಡ್ಡ ಕೊಡುಗೆ ಅಂದರೆ ಜಾಗ. ಹುಲ್ಲು ಕತ್ತರಿಸೋದು, ಬಟ್ಟೆ ಬದಲಿಸುವ ಕೋಣೆ, ಸ್ಟ್ಯಾಂಡಿನ ಸೂರು, ಎಲ್ಲದಕ್ಕೂ ಹಿಂದೆ ಒಬ್ಬ ಯಜಮಾನ ಇದ್ದ. ಅವನು ಹೋದಾಗ ಆ ಖರ್ಚೆಲ್ಲ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲವೇ ಜನರ ತಲೆ ಮೇಲೆ ಬೀಳುತ್ತದೆ. ಐಸಿಐ 2008ರಲ್ಲಿ ಆಕ್ಜೋನೊಬೆಲ್ ಎಂಬ ಡಚ್ ಕಂಪನಿಯ ಕೈಗೆ ಹೋಯಿತು. ಸಿಂಥೋನಿಯಾ 2017ರಲ್ಲಿ ಸೆಂಟ್ರಲ್ ಅವೆನ್ಯೂ ಬಿಟ್ಟು ಪಕ್ಕದ ನಾರ್ಟನ್‌ಗೆ ಹೋಯಿತು. ಹೆಸರು ಮಾತ್ರ ಅದೇ.

ಪ್ರಶ್ನೆ: ನಾವೂ ನಮ್ಮ ಹಳೇ ಕಾರ್ಖಾನೆ ತಂಡದ ಇತಿಹಾಸ ಬರೆಯಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ಗೆದ್ದ ಕಪ್‌ಗಳಿಂದ ಶುರು ಮಾಡಬೇಡಿ. ಕಪ್‌ನ ಮೇಲೆ ಇಸವಿ ಇರುತ್ತದೆ, ಕಥೆ ಇರೋದಿಲ್ಲ. ಮೈದಾನ ಯಾರ ಹೆಸರಿನಲ್ಲಿತ್ತು, ಬಾಡಿಗೆ ಯಾರು ಕಟ್ಟುತ್ತಿದ್ದರು, ಆ ಕಾಗದ ಮೊದಲು ಹುಡುಕಿ. ಕಂಪನಿಯ ಒಳಪತ್ರಿಕೆ ಇದ್ದರೆ ಇನ್ನೂ ಒಳ್ಳೆಯದು, ಯಾವ ವಿಭಾಗದಿಂದ ಯಾರು ಆಡಿದರು ಅನ್ನೋದು ಅದರಲ್ಲಿ ಸಿಗುತ್ತದೆ. ತಂಡದ ಹಳೇ ಫೋಟೋ ಸಿಕ್ಕರೆ ಹಿಂಬದಿ ತಿರುಗಿಸಿ ನೋಡಿ, ಪೆನ್ಸಿಲಿನಲ್ಲಿ ಹೆಸರು ಬರೆದಿರಬಹುದು. ಆಮೇಲೆ ಅದನ್ನು ಹಿರಿಯ ಆಟಗಾರರ ಮುಂದೆ ಇಡಿ, ಇಬ್ಬರು ಮೂವರು ಒಟ್ಟಿಗೆ ಇದ್ದಾಗ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ಜಗಳವೂ ಆಡ್ತಾರೆ, ಎರಡನ್ನೂ ಬರೆದುಕೊಳ್ಳಿ. ರಾತ್ರಿ ಪಾಳಿ ಮುಗಿಸಿ ಮ್ಯಾಚ್ ಆಡಿದವರು ಯಾರು, ಆಟಗಾರರಿಗೆ ಪಾಳಿ ಬದಲಿಸಿಕೊಟ್ಟ ಮೇಸ್ತ್ರಿ ಯಾರು ಅಂತಲೂ ಮರೆಯದೆ ಕೇಳಿ.